ಕೊಂಡು ಕೊಂಡು ಬೆಳೆದ ಸಿಕಾ: ಕಿಟಕಿ ಸಂದಿಯ ಸೀಲೆಂಟ್ ಹಿಂದಿನ ಕಥೆ

ಮುಂಗಾರು ಹತ್ತಿರವಾದರೆ ತುಮಕೂರಿನ ಹಾರ್ಡ್‌ವೇರ್ ಅಂಗಡಿಗಳಿಗೆ ಸೀಲೆಂಟ್, ಅಂದರೆ ಸಂದಿ ಮುಚ್ಚುವ ಅಂಟು, ಕೇಳಿಕೊಂಡು ಬರುವವರು ಇದ್ದೇ ಇರುತ್ತಾರೆ. ಏಪ್ರಿಲ್ ಬಿಸಿಲಿಗೆ ಅಲ್ಯೂಮಿನಿಯಂ ಕಿಟಕಿಯ ಚೌಕಟ್ಟು ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಪಕ್ಕದ ಗೋಡೆ ಅಷ್ಟು ಅಲುಗುವುದಿಲ್ಲ. ಸಂದಿಗೆ ಬಿಳಿ ಸಿಮೆಂಟ್ ಮೆತ್ತಿದರೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಮಳೆ ಹಿಡಿಯಿತೆಂದರೆ ಒಳಗೋಡೆಯ ಬಣ್ಣ ಉಬ್ಬಿ ಉದುರುತ್ತದೆ. ಪಾಲಿಯುರಿಥೇನ್ ಸೀಲೆಂಟ್ ಗಾಳಿಯ ತೇವ ಹಿಡಿದು ರಬ್ಬರಿನಂತಾಗಿ, ಸಂದಿಯ ಜೊತೆ ತಾನೂ ಹಿಗ್ಗಿ ಕುಗ್ಗುತ್ತದೆ.

ಈ ಸರಕಿನ ದೊಡ್ಡ ಹೆಸರುಗಳಲ್ಲೊಂದು ಸ್ವಿಟ್ಜರ್ಲೆಂಡಿನ ಸಿಕಾ. ಕಾಸ್ಪರ್ ವಿಂಕ್ಲರ್ ಅದನ್ನು ಶುರುಮಾಡಿದ್ದು 1910ರಲ್ಲಿ. ಗೊಟ್ಟಾರ್ಡ್ ರೈಲು ಸುರಂಗಕ್ಕೆ ವಿದ್ಯುತ್ ತಂತಿ ಎಳೆಯಬೇಕಿತ್ತು, ಒಳಗೆ ನೀರು ಜಿನುಗುತ್ತಿತ್ತು. ಅದನ್ನು ತಡೆದ ಸಿಕಾ-1 ಮಿಶ್ರಣವೇ ಕಂಪನಿಗೆ ಹೆಸರು ತಂದಿತು. ಸಿಕಾಫ್ಲೆಕ್ಸ್ ಸೀಲೆಂಟ್ ಬಂದದ್ದು 1968ರಲ್ಲಿ.

ಆಮೇಲಿನ ಬೆಳವಣಿಗೆಯಲ್ಲಿ ಖರೀದಿಯದೇ ದೊಡ್ಡ ಪಾಲು. 2005ರಲ್ಲಿ ಚಾವಣಿ ಹೊದಿಕೆಯ ಸಾರ್ನಾ, 2019ರಲ್ಲಿ ಗಾರೆ ಮಿಶ್ರಣಗಳ ಪ್ಯಾರೆಕ್ಸ್. ಈ ವ್ಯಾಪಾರದಲ್ಲಿ ಎಂಜಿನಿಯರ್ ಒಪ್ಪಬೇಕು, ಡೀಲರ್ ದಾಸ್ತಾನು ಇಡಬೇಕು, ಗಾರೆಯವರ ಕೈಗೆ ಒಗ್ಗಬೇಕು. ಅಷ್ಟಕ್ಕೆ ವರ್ಷಗಳೇ ಹಿಡಿಯುತ್ತವೆ. ಅದನ್ನೆಲ್ಲ ಗಳಿಸಿದ ಕಂಪನಿಯನ್ನೇ ಕೊಂಡರೆ ಆ ಕಾಲ ಉಳಿಯುತ್ತದೆ.

ಕೊಳ್ಳುತ್ತಾ ಬಂದ ಸಿಕಾ ತಾನೇ ಮಾರಾಟವಾಗುವ ಹಂತಕ್ಕೂ ಬಂದಿತ್ತು. 2014ರ ಡಿಸೆಂಬರ್‌ನಲ್ಲಿ ಸ್ಥಾಪಕರ ವಂಶಸ್ಥರು ತಮ್ಮ ಪಾಲನ್ನು 275 ಕೋಟಿ ಫ್ರಾಂಕ್‌ಗೆ ಫ್ರಾನ್ಸಿನ ಕಟ್ಟಡ ಸಾಮಗ್ರಿ ಕಂಪನಿ ಸೇಂಟ್-ಗೋಬೈನ್‌ಗೆ ಕೊಡಲು ಒಪ್ಪಿದರು. ಬಂಡವಾಳದಲ್ಲಿ ಆ ಪಾಲು ಸುಮಾರು ಶೇ 16 ಮಾತ್ರ. ಆದರೆ ಅವರ ಷೇರುಗಳಿಗೆ ಹಾಕಿದ ಬಂಡವಾಳಕ್ಕೆ ಹೋಲಿಸಿದರೆ ಮತ ಜಾಸ್ತಿ, ಹಾಗಾಗಿ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು. ನಿರ್ದೇಶಕ ಮಂಡಳಿ ತಿರುಗಿ ಬಿತ್ತು, ಕುಟುಂಬದ ಮತಬಲಕ್ಕೆ ಮಿತಿ ಹಾಕಿತು. ಮೂರು ವರ್ಷಕ್ಕೂ ಮೀರಿ ಕೋರ್ಟು ಕಚೇರಿ ನಡೆದು 2018ರ ಮೇ ತಿಂಗಳಲ್ಲಿ ರಾಜಿಯಾಯಿತು. ಸಿಕಾ ಸ್ವತಂತ್ರವಾಗಿ ಉಳಿಯಿತು, ಒಂದು ಷೇರಿಗೆ ಒಂದೇ ಮತ ಎಂಬ ನಿಯಮ ಬಂತು. ಪ್ಯಾರೆಕ್ಸ್ ಖರೀದಿ ಅದರ ಮರುವರ್ಷದ್ದು.

2023ರಲ್ಲಿ, ಒಂದು ಕಾಲಕ್ಕೆ ಜರ್ಮನಿಯ ರಾಸಾಯನಿಕ ಕಂಪನಿ ಬಿಎಎಸ್‌ಎಫ್‌ನದಾಗಿದ್ದ, ಕಟ್ಟಡ ರಾಸಾಯನಿಕಗಳ ಎಂಬಿಸಿಸಿಯನ್ನೂ ಸಿಕಾ ತೆಗೆದುಕೊಂಡಿತು. ಪೈಪೋಟಿ ಕಾಯುವ ಸಂಸ್ಥೆಗಳು ಸುಮ್ಮನೆ ಬಿಡಲಿಲ್ಲ. ಅಮೆರಿಕ, ಬ್ರಿಟನ್, ಯುರೋಪಿನಂಥ ಕಡೆ ಎಂಬಿಸಿಸಿಯ ಕಾಂಕ್ರೀಟ್ ರಾಸಾಯನಿಕ ವ್ಯವಹಾರವನ್ನು ಸಿನ್ವೆನ್ ಎಂಬ ಹೂಡಿಕೆ ಸಂಸ್ಥೆಗೆ ಬಿಟ್ಟುಕೊಡಬೇಕಾಯಿತು. ನನಗೆ ಈ ಕಥೆಯಲ್ಲಿ ಮುಖ್ಯವೆನಿಸುವುದು ಇದೇ. ಎದುರಾಳಿಗಳು ಒಂದೇ ಮನೆಯವರಾದರೆ ದರದ ಭಾರ ಬೀಳುವುದು ಮನೆ ಕಟ್ಟಿಸುವವನ ಮೇಲೆ.

ಸೇಂಟ್-ಗೋಬೈನ್ ಕೂಡ ಕೈಕಟ್ಟಿ ಕೂರಲಿಲ್ಲ. ಇದೇ ಕಟ್ಟಡ ರಾಸಾಯನಿಕಗಳ ಕಂಪನಿಗಳಾದ ಕ್ರೈಸೊ 2021ರಲ್ಲಿ, ಜಿಸಿಪಿ 2022ರಲ್ಲಿ, ಫೋಸ್ರಾಕ್ 2025ರಲ್ಲಿ ಅದರ ಪಾಲಾದವು. ಫೋಸ್ರಾಕ್‌ನ ಭಾರತದ ಕಚೇರಿ ಬೆಂಗಳೂರಿನಲ್ಲೇ ಇದೆ. ತುಮಕೂರಿನ ಕೈಗಾರಿಕಾ ಪ್ರದೇಶ ವಸಂತನರಸಾಪುರದಲ್ಲಿ ಶೆಡ್ ಕಟ್ಟಿಸುವವರು ಮೂರು ಬ್ರಾಂಡ್‌ಗಳ ಕೊಟೇಶನ್ ತರಿಸಿದರೆ, ಆ ಮೂರರ ಮಾಲೀಕರು ಯಾರೆಂದೂ ವಿಚಾರಿಸಲಿ.