ಒಳಸಂಬಂಧದ ಲೆಕ್ಕದಲ್ಲಿ ಸಿಕ್ಕ ಮದ್ದು

ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು, ಸೋದರತ್ತೆ ಮಗನಿಗೆ ಹೆಣ್ಣು ಕೊಡುವುದು ಹೊಸದಲ್ಲ. ಹೊಲ ಮನೆ ಹೊರಗೆ ಹೋಗಬಾರದು, ಹುಡುಗಿ ಕಣ್ಣೆದುರೇ ಇರಬೇಕು ಎಂಬುದು ಹಿರಿಯರ ವಾದ. ಬೇಡ ಎನ್ನುವ ಡಾಕ್ಟರರ ಹತ್ತಿರವೂ ಒಂದು ಲೆಕ್ಕವಿದೆ. ನಮ್ಮ ಬಹುತೇಕ ಜೀನುಗಳು ಜೋಡಿಯಾಗಿರುತ್ತವೆ: ತಾಯಿಯದೊಂದು, ತಂದೆಯದೊಂದು. ಸೋದರಮಾವ–ಸೋದರಸೊಸೆಯ ಮಗುವಿನಲ್ಲಿ ಸರಾಸರಿ ಎಂಟರಲ್ಲೊಂದು ಪಾಲು ಜೀನುಗಳ ಎರಡೂ ಪ್ರತಿಗಳು ಒಬ್ಬರೇ ಪೂರ್ವಜರಿಂದ ಬಂದ ನಕಲುಗಳು. ಅತ್ತೆ–ಮಾವನ ಮಕ್ಕಳ ನಡುವಿನ ಮದುವೆಯಾದರೆ ಹದಿನಾರರಲ್ಲೊಂದು. ಆ ಪ್ರತಿಯೇ ಕೆಟ್ಟಿದ್ದರೆ ಮಗುವಿಗೆ ಸರಿಯಾದ ಜೀನೇ ಇಲ್ಲ. ಥಲಸ್ಸೀಮಿಯಾದಂಥ ರಕ್ತದ ಕಾಯಿಲೆ ಬರುವುದು ಹೀಗೆ.

ಆದರೆ ಜೀನು ಕೆಟ್ಟಾಗಲೆಲ್ಲ ಕೇಡೇ ಆಗುವುದಿಲ್ಲ. ಎಪಿಒಸಿ3 ಎಂಬ ಜೀನು ತಯಾರಿಸುವ ಪ್ರೋಟೀನು, ರಕ್ತದಲ್ಲಿನ ಕೊಬ್ಬು ಬೇಗ ಕರಗಿಹೋಗದಂತೆ ತಡೆಯುತ್ತದೆ. ಇದರ ಒಂದು ಪ್ರತಿ ಕೆಟ್ಟವರಲ್ಲಿ ಟ್ರೈಗ್ಲಿಸರೈಡ್ ಎಂಬ ಆ ಕೊಬ್ಬು ಕಡಿಮೆ, ಹೃದ್ರೋಗವೂ ಕಡಿಮೆ ಎಂದು ಸಾವಿರಾರು ಜನರ ಜೀನು ಓದಿದವರು 2014ರಲ್ಲಿ ಪ್ರಕಟಿಸಿದರು. ಹಾಗಾದರೆ ಮದ್ದು ಕೊಟ್ಟು ಈ ಜೀನನ್ನು ಪೂರ್ತಿ ಬಂದ್ ಮಾಡಿದರೆ? ತಿಳಿಯಬೇಕಾದರೆ ಎರಡೂ ಪ್ರತಿ ಕೆಟ್ಟವರು ಬೇಕು. ರಕ್ತಸಂಬಂಧದ ಮದುವೆ ವಿರಳವಾದ ನಾಡುಗಳಲ್ಲಿ ಅಂಥವರು ಸಿಗುವುದು ಕಷ್ಟ. ಸಿಕ್ಕಿದ್ದು ಪಾಕಿಸ್ತಾನದಲ್ಲಿ, 10,503 ಜನರ ಅಧ್ಯಯನದಲ್ಲಿ. 2017ರ ಆ ವರದಿಯ ಒಂದು ಕುಟುಂಬದಲ್ಲಿ ಗಂಡ, ಹೆಂಡತಿ, ಒಂಬತ್ತು ಮಕ್ಕಳು, ಒಬ್ಬರಲ್ಲೂ ಕೆಲಸ ಮಾಡುವ ಎಪಿಒಸಿ3 ಇಲ್ಲ! ಜಿಡ್ಡಿನ ಊಟ ಕೊಟ್ಟು ರಕ್ತ ನೋಡಿದರೆ ಟ್ರೈಗ್ಲಿಸರೈಡ್ ಏರಲೇ ಇಲ್ಲ ಎನ್ನಬಹುದು. ಇದೇ ಜೀನಿನ ಸದ್ದಡಗಿಸುವ ಒಲೆಜಾರ್ಸೆನ್ ಚುಚ್ಚುಮದ್ದಿಗೆ, ರಕ್ತದಲ್ಲಿ ಕೊಬ್ಬು ವಿಪರೀತ ಏರುವ ಒಂದು ವಂಶವಾಹಿ ಕಾಯಿಲೆಗಾಗಿ, 2024ರ ಡಿಸೆಂಬರಿನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತು. (ಇದನ್ನು ಹೇಳಿ ಯಾರೂ ಮನೆಯಲ್ಲಿ ಸಂಬಂಧ ಕುದುರಿಸಬೇಡಿ.)

ಸಕ್ಕರೆ ಕಾಯಿಲೆಯ ಕಥೆ ಇಷ್ಟು ಸಲೀಸಲ್ಲ. ಅಲ್ಲಿ ನೂರಾರು ಜೀನುಗಳದು ಚೂರುಚೂರು ಕೈವಾಡ. ರೋಗಿಗಳ ಮತ್ತು ಆರೋಗ್ಯವಂತರ ಜೀನುಗಳನ್ನು ಹತ್ತು ಲಕ್ಷ ಜಾಗಗಳಲ್ಲಿ ಹೋಲಿಸಿ, ಇಪ್ಪತ್ತಕ್ಕೊಂದು ಆಕಸ್ಮಿಕವನ್ನು ಸಹಿಸುವ ವಾಡಿಕೆಯ ಅಳತೆ ಹಿಡಿದರೆ 50,000 ಸುಳ್ಳು ಸುಳಿವು ಸಿಗುತ್ತವೆ. ಅದಕ್ಕೇ ಇಲ್ಲಿ ಎರಡು ಕೋಟಿಗೊಂದು ಎಂಬ ಅಳತೆ. ಅಷ್ಟಾದರೂ ಮೋಸಹೋಗಬಹುದು. ರೋಗಿಗಳನ್ನೆಲ್ಲ ಗಂಗಾವತಿಯಿಂದ, ಆರೋಗ್ಯವಂತರನ್ನೆಲ್ಲ ಕುಷ್ಟಗಿಯಿಂದ ಆರಿಸಿದರೆ, ಗಂಗಾವತಿಯ ಭತ್ತದ ಸೀಮೆಯಲ್ಲಿ ಹೆಚ್ಚಾಗಿರುವ ಯಾವುದೋ ಸಮುದಾಯದ ನಿರಪರಾಧಿ ಜೀನೇ ಶುಗರ್ ತರುವ ಜೀನೆಂದು ತೋರೀತು. ಆದ್ದರಿಂದ ಯಾರ ವಂಶ ಎಲ್ಲಿಯದೆಂದು ಮೊದಲು ಅಳೆದು, ಆ ಪಾಲನ್ನು ಕಳೆದು ಲೆಕ್ಕ ಹಾಕುತ್ತಾರೆ.

ಈ ತಲೆನೋವೆಲ್ಲ ಏಕೆಂದರೆ, ಜೀನಿನ ಸಾಕ್ಷ್ಯವಿರುವ ಔಷಧ ಪ್ರಯೋಗಗಳು ಗೆಲ್ಲುವ ಸಂಭವ 2.6 ಪಟ್ಟು ಹೆಚ್ಚು ಎಂದು 2024ರ ಒಂದು ವಿಶ್ಲೇಷಣೆ ತೋರಿಸಿದೆ. ಆದರೆ 2018ರ ಹೊತ್ತಿಗೆ ಇಂಥ ಜೀನು ಅಧ್ಯಯನಗಳಲ್ಲಿದ್ದವರ ಪೈಕಿ ಸುಮಾರು ಶೇ. 78 ಮಂದಿ ಯುರೋಪ್ ಮೂಲದವರು. ನಮ್ಮ ಜನರಲ್ಲಿ ಸುಳಿವುಗಳೇನೂ ಕಡಿಮೆಯಿಲ್ಲ, ಓದಿದ್ದು ಕಡಿಮೆ.

ಒಳಸಂಬಂಧ ಬಿಟ್ಟರೂ ಜಾತಿಯೊಳಗಿನ ಮದುವೆ ತನ್ನ ಗುರುತು ಉಳಿಸುತ್ತದೆ. ಬಳ್ಳಾರಿ, ರಾಯಚೂರಿನ ವ್ಯಾಪಾರದಲ್ಲಿ ಹೆಸರಾದ ಆರ್ಯವೈಶ್ಯರಲ್ಲಿ, ಕೆಲವು ಮದ್ದುಗಳನ್ನು ರಕ್ತದಲ್ಲಿ ಒಡೆದುಹಾಕುವ ಬಿಸಿಎಚ್‌ಇ ಎಂಬ ಜೀನಿನ ಒಂದು ದೋಷ ಬೇರೆಯವರಿಗಿಂತ ಎಷ್ಟೋ ಹೆಚ್ಚು, ಏಕೆಂದರೆ ಕೆಲವೇ ಪೂರ್ವಜರಿಂದ ಬೆಳೆದ ಸಮುದಾಯ ಅದು. ದಿನನಿತ್ಯ ಇದರಿಂದ ತೊಂದರೆಯಿಲ್ಲ. ಆಪರೇಷನ್‌ನಲ್ಲಿ ಸ್ನಾಯು ಸಡಿಲಿಸಲು ಸಕ್ಸಿನೈಲ್‌ಕೋಲಿನ್ ಕೊಟ್ಟಾಗ ಮಾತ್ರ, ನಿಮಿಷಗಳಲ್ಲಿ ಇಳಿಯಬೇಕಾದ ಮದ್ದು ಗಂಟೆಗಟ್ಟಲೆ ಇಳಿಯದೆ, ರೋಗಿ ತಾನಾಗಿ ಉಸಿರಾಡಲಾಗದೆ ವೆಂಟಿಲೇಟರ್‌ನಲ್ಲೇ ಉಳಿಯಬೇಕಾಗುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ ಅರಿವಳಿಕೆ ವೈದ್ಯರಿಗೆ ಮೊದಲೇ ಹೇಳಿ. ರಕ್ತ ಪರೀಕ್ಷೆಯಲ್ಲಿ ದೋಷ ಗೊತ್ತಾಗುತ್ತದೆ, ಬದಲಿ ಮದ್ದೂ ಇದೆ.