ಎಣಿಕೆಯಿಂದ ಬಣ್ಣಕ್ಕೆ: ಜನರೇ ಅಳೆದ ವಿಕಿರಣದ ನಕ್ಷೆ

ಕಾಸರಗೋಡಿನ ಕುಂಬಳೆಯ ಒಂದು ಮನೆಯ ಜಗಲಿಯಲ್ಲಿ, ಬದಿಯಡ್ಕದ ಒಂದು ಶಾಲೆಯ ತಾರಸಿಯಲ್ಲಿ ವಿಕಿರಣ ಅಳೆಯುವ ಪುಟ್ಟ ಪೆಟ್ಟಿಗೆಗಳನ್ನು ಇಟ್ಟಿದ್ದಾರೆ, ಎರಡೂ ನಿಮಿಷಕ್ಕೆ 36 ಎಣಿಕೆ ತೋರಿಸುತ್ತಿವೆ ಎಂದಿಟ್ಟುಕೊಳ್ಳೋಣ. ಇಷ್ಟರಿಂದಲೇ ಎರಡೂ ಕಡೆ ವಿಕಿರಣ ಸಮವಾಗಿದೆ ಎನ್ನಲಾಗದು. ಒಂದರೊಳಗೆ ಅಗಲ ಬಿಲ್ಲೆಯಂತಿರುವ ಎಲ್‌ಎನ್‌ಡಿ 7317 ಗೈಗರ್ ಕೊಳವೆಯಿದ್ದರೆ (ಒಳಗೆ ಪತ್ತೆಯಾದ ವಿಕಿರಣದ ಪ್ರತಿ ಕಣಕ್ಕೆ ಒಂದು ಎಣಿಕೆ ಕೊಡುವ ಕೊಳವೆ), ಸೀಸಿಯಂ-137 ಎಂಬ ವಿಕಿರಣಶೀಲ ವಸ್ತುವಿನ ಲೆಕ್ಕದಲ್ಲಿ ಅದರ ನಿಮಿಷಕ್ಕೆ 334 ಎಣಿಕೆ ಗಂಟೆಗೆ 1 ಮೈಕ್ರೋಸೀವರ್ಟ್‌ಗೆ (ದೇಹಕ್ಕೆ ತಗಲುವ ವಿಕಿರಣದ ಅಳತೆಮಾನ) ಸಮ. ಇನ್ನೊಂದರಲ್ಲಿ ಸೋವಿಯತ್ ಕಾಲದ ಎಸ್‌ಬಿಎಂ-20 ಕೊಳವೆ ಇದ್ದರೆ, ಅದಕ್ಕೆ ಹವ್ಯಾಸಿಗಳು ಸಾಮಾನ್ಯವಾಗಿ ಬಳಸುವ ಅಂಕಿ ಸುಮಾರು 175. ಅಂದರೆ 36 ಎಣಿಕೆಗೆ ಮೊದಲನೆಯದು 0.11 ಮೈಕ್ರೋಸೀವರ್ಟ್ ಎಂದರೆ ಎರಡನೆಯದು 0.21 ಎನ್ನುತ್ತದೆ. ಕೊಳವೆ ಯಾವುದೆಂದು ತಿಳಿಸದೆ ಬರೀ ಎಣಿಕೆಗೆ ಬಣ್ಣ ಬಳಿಯುವ ನಕ್ಷೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪಿಸುತ್ತದೆ.

ಸ್ವಯಂಸೇವಕರು ಅಳೆದು ನಕ್ಷೆಯಾಗಿಸುವ ಈ ಪದ್ಧತಿಗೆ ದೊಡ್ಡ ಬಲ ಬಂದದ್ದು 2011ರ ಫುಕುಶಿಮಾ ಅಣುಸ್ಥಾವರ ಅವಘಡದ ನಂತರ, ಜಪಾನಿನಲ್ಲಿ ಹುಟ್ಟಿದ ಸೇಫ್‌ಕ್ಯಾಸ್ಟ್ ಎಂಬ ಸಂಘಟನೆಯಿಂದ. ಅವರ ಕೈಪೆಟ್ಟಿಗೆ 5 ಸೆಕೆಂಡಿಗೊಮ್ಮೆ ಎಣಿಕೆಯನ್ನೂ ಜಿಪಿಎಸ್ ಸ್ಥಾನವನ್ನೂ ಬರೆದಿಟ್ಟುಕೊಳ್ಳುತ್ತದೆ. ದತ್ತಾಂಶ ಯಾರು ಬೇಕಾದರೂ ಬಳಸಬಹುದಾದಂತೆ ಮುಕ್ತವಾಗಿದೆ. ನಮ್ಮಲ್ಲಿ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ‘ಐರ್ಮಾನ್’ ಎಂಬ ವಿಕಿರಣ ಮಾಪನ ಜಾಲವಿದೆ, ಆದರೆ ಅದು ಸರಕಾರಿ ವ್ಯವಸ್ಥೆ.

ವಿಕಿರಣದ ಕಣಗಳು ಲೆಕ್ಕವಿಟ್ಟು ಬರುವುದಿಲ್ಲ. ಸರಾಸರಿ 36 ಎಣಿಕೆಯಿರುವಲ್ಲಿ ಒಂದು ನಿಮಿಷ 30, ಮರುನಿಮಿಷ 42 ಬಂದರೆ ಆಶ್ಚರ್ಯಪಡಬೇಕಾಗಿಲ್ಲ. ಏರುಪೇರಿನ ಪ್ರಮಾಣ ಎಣಿಕೆಯ ವರ್ಗಮೂಲದಷ್ಟು, ಅಂದರೆ ಸುಮಾರು 6, ಶೇಕಡಾ 17. ಹತ್ತು ನಿಮಿಷ ಕೂಡಿಸಿದರೆ 360 ಎಣಿಕೆಗೆ 19ರಷ್ಟೇ ಏರುಪೇರು, ಶೇಕಡಾ 5. ಪ್ರತಿ ನಿಮಿಷವೂ ಬಣ್ಣ ಬದಲಿಸುವ ಬಿಂದು ನೋಡಲು ಚುರುಕಾಗಿ ಕಂಡರೂ ಅದು ತೋರಿಸುವುದು ಬಹುಪಾಲು ಈ ಏರುಪೇರನ್ನೇ. ನನ್ನ ಮಟ್ಟಿಗೆ ಹತ್ತು ನಿಮಿಷದ ಸರಾಸರಿಯೇ ಪ್ರದರ್ಶನಕ್ಕೆ ಯೋಗ್ಯ. ಕಚ್ಚಾ ಅಂಕಿ ಬೇಕೆಂದವರಿಗೆ ಅದೂ ಸಿಗುವಂತಿರಲಿ.

ಕಾಸರಗೋಡಿನಂಥ ಮಳೆಯ ನಾಡಿನಲ್ಲಿ ಇನ್ನೊಂದು ತೊಡಕಿದೆ. ಮಣ್ಣಿನಿಂದ ಹೊಮ್ಮುವ ರೇಡಾನ್ ಎಂಬ ವಿಕಿರಣಶೀಲ ಅನಿಲ ಗಾಳಿಯಲ್ಲಿ ಕ್ಷಯಿಸಿ ಸೀಸ-214, ಬಿಸ್ಮತ್-214 ಎಂಬ ವಿಕಿರಣಶೀಲ ಧಾತುಗಳಾಗುತ್ತದೆ. ಮಳೆ ಇವನ್ನು ತೊಳೆದು ನೆಲಕ್ಕಿಳಿಸಿದಾಗ ಗೈಗರ್ ಎಣಿಕೆ ಥಟ್ಟನೆ ಏರುತ್ತದೆ. ಇವುಗಳ ಅರ್ಧಾಯುಷ್ಯ (ಅರ್ಧದಷ್ಟು ಕ್ಷಯಿಸಲು ಬೇಕಾದ ಸಮಯ) 27 ಮತ್ತು 20 ನಿಮಿಷವಾದ್ದರಿಂದ, ಮಳೆ ನಿಂತು ಎರಡು ಮೂರು ಗಂಟೆಯೊಳಗೆ ಎಲ್ಲವೂ ಮೊದಲಿನಂತಾಗುತ್ತದೆ. ಕಡಲಿನ ಮೇಲಿಂದ ಬರುವ ಗಾಳಿಯಲ್ಲಿ ರೇಡಾನ್ ಕಡಿಮೆ. ಹಾಗಾಗಿ ಜೂನ್ ತಿಂಗಳ ಜಡಿಮಳೆಗಿಂತ ನೆಲದ ಕಡೆಯ ಗಾಳಿಯೊಂದಿಗೆ ಬರುವ ತುಲಾಮಾಸದ (ಅಕ್ಟೋಬರ್-ನವೆಂಬರ್) ಗುಡುಗುಮಳೆಯಲ್ಲಿ ಈ ಏರಿಕೆಯನ್ನು ಹೆಚ್ಚು ನಿರೀಕ್ಷಿಸಬೇಕು. ನಕ್ಷೆಯ ಪಕ್ಕದಲ್ಲೇ ಮಳೆಯ ಗೆರೆಯನ್ನೂ ಎಳೆದರೆ ಅರ್ಧದಷ್ಟು ಗಾಬರಿ ಅಲ್ಲಿಗೇ ಮುಗಿಯುತ್ತದೆ.

ಪೆಟ್ಟಿಗೆ ಎಲ್ಲಿದೆ ಎಂಬುದೂ ಮುಖ್ಯ. ಗ್ರಾನೈಟ್ ಚಪ್ಪಡಿಯ ಮೇಲೆ ಇಟ್ಟದ್ದು ಕಲ್ಲಿನೊಳಗಿನ ಪೊಟ್ಯಾಸಿಯಂ, ಥೋರಿಯಂಗಳ ವಿಕಿರಣವನ್ನೂ ಎಣಿಸುತ್ತದೆ. ನೆಲದಿಂದ ಒಂದು ಮೀಟರ್ ಎತ್ತರದಲ್ಲಿಡುವುದು ರೂಢಿ. ಯಕ್ಷಗಾನದ ಆಟಗಳಿಗೆ ಒಯ್ಯುತ್ತಿದ್ದ ಹಳೆಯ ಗ್ಯಾಸ್‌ಲೈಟಿನ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತಿತ್ತು. ಅಂಥದೊಂದು ಕಟ್ಟು ಅಟ್ಟದಲ್ಲಿ ಪೆಟ್ಟಿಗೆಯ ಪಕ್ಕದಲ್ಲೇ ಉಳಿದಿದ್ದರೆ ಆ ಮನೆಯೊಂದೇ ನಕ್ಷೆಯಲ್ಲಿ ಕೆಂಪಾಗಿ ಕಂಡೀತು. ಅದನ್ನು ಅಳಿಸುವ ಬದಲು ಟಿಪ್ಪಣಿ ಹಾಕಿ ಉಳಿಸಿಕೊಳ್ಳುವುದು ಲೇಸು.

ಇನ್ನು ಬಣ್ಣದ ವಿಚಾರ. ಗಂಟೆಗೆ 0.1 ಮೈಕ್ರೋಸೀವರ್ಟ್ ಎಂದರೆ ವರ್ಷದ 8,760 ಗಂಟೆಗೆ 0.88 ಮಿಲಿಸೀವರ್ಟ್. ಇದನ್ನು ಸಾರ್ವಜನಿಕರಿಗೆ ನಿಗದಿಯಾದ ವರ್ಷಕ್ಕೆ 1 ಮಿಲಿಸೀವರ್ಟ್ ಮಿತಿಯೊಡನೆ ಹೋಲಿಸಿ 0.12ಕ್ಕೇ ಕೆಂಪು ಹಚ್ಚುವವರಿದ್ದಾರೆ. ಆ ಮಿತಿ ಇರುವುದು ನೈಸರ್ಗಿಕ ಹಿನ್ನೆಲೆಯ ಮೇಲೆ ಬೀಳುವ ಹೆಚ್ಚುವರಿ ವಿಕಿರಣಕ್ಕೆ. ಥೋರಿಯಂ ಇರುವ ಮೋನಜೈಟ್ ಮರಳಿನ ಕೊಲ್ಲಂ ಕರಾವಳಿಯಲ್ಲಿ ಹಿನ್ನೆಲೆಯೇ ಇದರ ಹಲವು ಪಟ್ಟು. ಆದ್ದರಿಂದ ಬಣ್ಣದ ಏಣಿ ಲಾಗರಿತಮಿಕ್ (ಪ್ರತಿ ಮೆಟ್ಟಿಲಿಗೂ ಅಂಕಿ ಇಷ್ಟು ಪಟ್ಟು ಎಂದು ಏರುವಂಥದು) ಆಗಿರಬೇಕು, ಮತ್ತು ಪ್ರತಿ ಸ್ಥಳವನ್ನು ಅದರದ್ದೇ ಹಿಂದಿನ ತಿಂಗಳುಗಳೊಡನೆ ಹೋಲಿಸುವಂತಿರಬೇಕು. ಎರಡು ಬಿಂದುಗಳ ನಡುವಿನ ಖಾಲಿ ಜಾಗಕ್ಕೆ ಬಣ್ಣ ಹರಿಸಿ ಇಡೀ ತಾಲೂಕನ್ನು ತುಂಬುವುದಂತೂ ಕೂಡದು. ಅಳೆಯದ ಊರಿಗೆ ಅಂಕಿ ಕೊಡುವ ಹಕ್ಕು ಯಾವ ನಕ್ಷೆಗೂ ಇಲ್ಲ.

ಕರೆಂಟು ಹೋಗಿ ಪೆಟ್ಟಿಗೆ ಸುಮ್ಮನಾದರೆ ಬಿಂದು ಬೂದು ಬಣ್ಣಕ್ಕೆ ತಿರುಗಿ ಕೊನೆಯ ಅಳತೆಯ ಹೊತ್ತನ್ನು ತೋರಿಸಬೇಕು, ಸೊನ್ನೆಯನ್ನಲ್ಲ. ಅತಿ ಹೆಚ್ಚು ವಿಕಿರಣದಲ್ಲಿ ಗೈಗರ್ ಕೊಳವೆ ಉಸಿರುಕಟ್ಟಿ ಕಡಿಮೆ ಎಣಿಸುವುದೂ ಉಂಟು. 1986ರಲ್ಲಿ ಚೆರ್ನೋಬಿಲ್‌ನಲ್ಲಿ ಕೈಗೆ ಸಿಕ್ಕ ಮಾಪಕಗಳ ಗರಿಷ್ಠ ಮಿತಿಯೇ ಗಂಟೆಗೆ 3.6 ರಾಂಟ್‌ಜನ್ (ವಿಕಿರಣದ ಹಳೆಯ ಅಳತೆಮಾನ) ಆಗಿತ್ತು, ಮತ್ತು ಆ ಗರಿಷ್ಠವೇ ನಿಜವಾದ ಅಳತೆಯೆಂಬಂತೆ ವರದಿಯಾಯಿತು. ತನ್ನ ಮಿತಿ ಮುಟ್ಟಿದ ಪೆಟ್ಟಿಗೆಯ ಬಿಂದುವಿನಲ್ಲಿ ಅಂಕಿಯ ಬದಲು ‘ಅಳತೆಗೆ ಮೀರಿದೆ’ ಎಂದೇ ಬರೆಯಬೇಕು.