ಕ್ಯಾಥರೀನ್ ಹೆಪ್‌ಬರ್ನ್ ಯಾವಾಗಲೂ ಪ್ಯಾಂಟೇ ಯಾಕೆ ಹಾಕುತ್ತಿದ್ದರು?

ಓದುಗರ ಪ್ರಶ್ನೆ: ಹಳೇ ಹಾಲಿವುಡ್ ನಟಿ ಕ್ಯಾಥರೀನ್ ಹೆಪ್‌ಬರ್ನ್ ಅವರ ಮನೆ ಕಡೆಯ ಫೋಟೋ ಯಾವುದು ನೋಡಿದರೂ ಪ್ಯಾಂಟೇ. ಅದು ಫ್ಯಾಷನ್ನಾ, ಹಟಾನಾ?

ಎರಡಕ್ಕಿಂತ ಮೊದಲು ಆರಾಮ. ಸ್ಟಾಕಿಂಗ್ಸ್, ಹೈ ಹೀಲ್ಸ್ ಅವರಿಗೆ ಸೇರುತ್ತಲೇ ಇರಲಿಲ್ಲ. ಗಾಲ್ಫ್, ಟೆನಿಸ್, ಈಜು ಅಂತ ಬೆಳೆದವರು. ಚಿಕ್ಕವರಿದ್ದಾಗ ಕೂದಲು ಕತ್ತರಿಸಿಕೊಂಡು ತನ್ನ ಹೆಸರು ಜಿಮ್ಮಿ ಅಂತ ಹೇಳಿಕೊಂಡು ಓಡಾಡುತ್ತಿದ್ದರು. ತಾಯಿ ಹೆಂಗಸರ ಮತದ ಹಕ್ಕಿಗಾಗಿ ಹೋರಾಡಿದವರು, ಹಾಗಾಗಿ ಹುಡುಗಿ ಅಂದರೆ ಹೀಗೇ ಇರಬೇಕು ಅನ್ನುವ ಮನೆಯೇ ಅದಾಗಿರಲಿಲ್ಲ.

ಆದರೆ ಹೊರಗೆ ಹಾಗಿರಲಿಲ್ಲ. 1938ರಲ್ಲಿ ಲಾಸ್ ಏಂಜಲೀಸ್‌ನ ಕೋರ್ಟಿಗೆ ಸಾಕ್ಷಿ ಹೇಳಲು ಪ್ಯಾಂಟ್ ಹಾಕಿಕೊಂಡು ಬಂದ ಒಬ್ಬ ಟೀಚರ್‌ಗೆ ಜಡ್ಜ್ 5 ದಿನ ಜೈಲು ವಿಧಿಸಿದ್ದರು! ಆಮೇಲೆ ಆ ಶಿಕ್ಷೆ ರದ್ದಾಯಿತು, ಆದರೆ ಹೆಪ್‌ಬರ್ನ್ ಬದುಕಿದ್ದು ಇಂಥ ಊರಲ್ಲಿ, ಇಂಥ ಕಾಲದಲ್ಲಿ. ಅವರು ಸಿನಿಮಾ ಮಾಡುತ್ತಿದ್ದ ಆರ್‌ಕೆಓ ಸ್ಟುಡಿಯೋದವರು ಒಮ್ಮೆ ಅವರ ಪ್ಯಾಂಟ್ ಎತ್ತಿಟ್ಟರಂತೆ, ಅವರು ಅದು ವಾಪಸ್ ಬರುವವರೆಗೂ ಒಳ ಉಡುಪಿನಲ್ಲೇ ಸ್ಟುಡಿಯೋ ತುಂಬ ಓಡಾಡಿದರಂತೆ. ಲಂಡನ್ನಿನ ಕ್ಲಾರಿಜಸ್ ಹೋಟೆಲ್‌ನಲ್ಲಿ ಪ್ಯಾಂಟ್ ಹಾಕಿದ ಹೆಂಗಸರು ಲಾಬಿಗೆ ಬರುವ ಹಾಗಿಲ್ಲ ಅಂದರು. ಸರಿ, ಕೆಲಸದವರ ಬಾಗಿಲಿಂದ ಹೋಗಿಬಂದರು, ಪ್ಯಾಂಟ್ ಮಾತ್ರ ಬಿಡಲಿಲ್ಲ. ಹಟ ಬಂದಿದ್ದು ಹೀಗೆ, ಬೇಡ ಅಂದವರಿಂದ.

ಇನ್ನು ಫ್ಯಾಷನ್. ಸುಮ್ನೆ ಗಂಡಸರ ಪ್ಯಾಂಟ್ ಏರಿಸಿಕೊಂಡರೆ ಆ ಲುಕ್ ಬರುವುದಿಲ್ಲ, ಅದರ ಗುಟ್ಟೆಲ್ಲ ಇರುವುದು ಕಟಿಂಗ್‌ನಲ್ಲಿ. ಸೊಂಟಪಟ್ಟಿ ಕೂರುವುದು ಹೊಕ್ಕುಳಿನ ಹತ್ತಿರ, ಮೈಗೆ ಸರಿಯಾಗಿ. ಅದರ ಕೆಳಗೆ ಪ್ಲೀಟ್, ಅಂದರೆ ಬಟ್ಟೆಯ ಮಡಿಕೆ, ಅಲ್ಲಿಂದ ಬಟ್ಟೆ ತೊಡೆಗೆ ಅಂಟದೆ ನೇರವಾಗಿ, ಅಗಲವಾಗಿ ಪಾದದವರೆಗೂ ಇಳಿಯುತ್ತದೆ. ಸೊಂಟ ಮೇಲಿರುವುದರಿಂದ ಕಾಲು ಉದ್ದ ಕಾಣುತ್ತದೆ, ಹೀಲ್ಸ್ ಬೇಕೇ ಆಗುವುದಿಲ್ಲ. ಬಟ್ಟೆ ಸ್ವಲ್ಪ ತೂಕದ್ದಾಗಿರಬೇಕು, ತೆಳು ಬಟ್ಟೆ ಗಾಳಿಗೆ ಹಾರಿ ಪಾಯಿಜಾಮದ ಥರ ಆಗುತ್ತದೆ. ಮೇಲೆ ಬಿಳಿ ಶರ್ಟ್, ಹೆಗಲಿಗೆ ಸ್ವೆಟರ್, ಕಾಲಿಗೆ ಚಪ್ಪಟೆ ಶೂ, ಅಷ್ಟೇ. ನನಗಂತೂ ಆ ಕಾಲದ ಯಾವ ಮಿನುಗುವ ಗೌನ್‌ಗಿಂತಲೂ ಇದೇ ಜಾಸ್ತಿ ಇಷ್ಟ, ಯಾಕೆಂದರೆ ಹಾಕಿಕೊಂಡವರು ನಡೆಯಬಹುದು, ನೆಲದ ಮೇಲೆ ಕೂರಬಹುದು, ಓಡಲೂಬಹುದು ಅಲ್ವಾ?

1980ರ ದಶಕದಲ್ಲಿ ಅಮೆರಿಕದ ಫ್ಯಾಷನ್ ಡಿಸೈನರ್‌ಗಳ ಕೌನ್ಸಿಲ್ ಅವರಿಗೆ ಜೀವಮಾನದ ಸಾಧನೆಗೆ ಪ್ರಶಸ್ತಿ ಕೊಟ್ಟಿತು. ಇನ್ನು ಆಸ್ಕರ್, 4 ಗೆದ್ದರೂ ಒಂದನ್ನೂ ತೆಗೆದುಕೊಳ್ಳಲು ಹೋದವರಲ್ಲ. 1974ರಲ್ಲಿ ಬೇರೆಯವರಿಗೆ ಪ್ರಶಸ್ತಿ ಕೊಡಲು ಒಂದೇ ಒಂದು ಸಲ ಆ ವೇದಿಕೆ ಹತ್ತಿದರು. ಅವತ್ತೂ ಪ್ಯಾಂಟೇ.